ಮೂವರಿಗೂ ನೂರಿಪ್ಪತ್ತು

ನಿವೃತ್ತ ತಹಶೀಲ್ದಾರ ರುದ್ರಗೌಡರ ಹೆಂಡತಿ ನೀಲವ್ವನಿಗೆ ಬೆಳಗಿನಿಂದ ವಿಪರೀತ ತಲೆಸುತ್ತು. ದವಾಖಾನೆಗೆ ಹೋಗೋಣವೆಂದರೆ ಗೌಡರು ಮನೆಯ ಬಿ.ಪಿ. ಮಷಿನ್ ಕಟ್ಟಿ, "ನೂರಿಪ್ಪತ್ತು ಐತಿ. ನಾಟಕ ಸಾಕು!" ಎಂದು ಗದರಿದರು.

ಅಡುಗೆಯ ತಾಯವ್ವ ಸೌಟು ಬಿಟ್ಟು ಬಂದಳು. "ಸಾಹೇಬ್ರ, ಸಿಟ್ಟಿಗೆ ನಿಮ್ಮ ಮುಖ ಕೆಂಪಗಾಗೇತಿ. ನೀವೂ ನೋಡ್ಕೋರಿ," ಎಂದಳು. ಗೌಡರು ಗಾಬರಿಯಿಂದ ಕಟ್ಟಿಕೊಂಡರು. ನೂರಿಪ್ಪತ್ತು. ತಾಯವ್ವ ತನ್ನ ತೋಳನ್ನೂ ಒಡ್ಡಿದಳು. ಮತ್ತೆ ನೂರಿಪ್ಪತ್ತು.

"ಇನ್ನ ಈ ತಲೆದಿಂಬಿಗೆ ಕಟ್ಟೂಣೇನ್ರಿ?"

ಗೌಡರು ಮಷಿನ್ ಬದಿಗೆ ಎಸೆದರು. ತಾವೇ ಓಡಿಹೋಗಿ ಆಟೋ ತಂದರು. ದವಾಖಾನೆಯಲ್ಲಿ ನೋಡಿದಾಗ ಇನ್ನೂರು ದಾಟಿತ್ತು. ನೀಲವ್ವನ ಜೀವ ಉಳಿಯಿತು, ಮಾತು ಹೋಯಿತು.

ಈಗ ಗೌಡರು ಅವಳಿಗೆ ಗಂಜಿ ಕುಡಿಸುತ್ತ, "ಒಂದ್ಸಲರ ನನ್ನ ಬೈ," ಎಂದು ಅಂಗಲಾಚುತ್ತಾರೆ. ಅವಳು ಸೆರಗಿನಿಂದ ಅವರ ಕಣ್ಣು ಒರೆಸುತ್ತಾಳೆ.