ರಾಜನ ಮುಖಕ್ಕೆ ಮಸಿ

ಕಾಗದದ ಮೇಲೆ ಚಿತ್ರ ಒತ್ತುವ ವಿದ್ಯೆ ಆಗಷ್ಟೇ ಕಣ್ಣು ಬಿಟ್ಟಿದ್ದ ಕಾಲ. ಮರದ ಹಲಗೆಯಲ್ಲಿ ಕೆತ್ತಿದ್ದ, ಕುದುರೆಯೇರಿದ ರಾಜನ ಅಚ್ಚೊಂದು, ಮಸಿ ಹಚ್ಚುವ ಬಟ್ಟೆಯುಂಡೆ ಹತ್ತಿರ ಬರುತ್ತಲೇ ಗುಡುಗಿತು: "ಎಲೈ ಚಿಂದಿಯೇ, ನನ್ನ ಮುಖಕ್ಕೆ ಮಸಿ ಬಳಿಯುವಷ್ಟು ಕೊಬ್ಬೇ ನಿನಗೆ?"

"ಅಪ್ಪಣೆಯಾದಂತೆ ಆಗಲಿ, ಪ್ರಭು!" ಎನ್ನುತ್ತ ಬಟ್ಟೆಯುಂಡೆ ಕುದುರೆಗೆ, ಕತ್ತಿಗೆ, ಕಿರೀಟಕ್ಕೆಲ್ಲ ಮಸಿ ಹಚ್ಚಿ, ಅಚ್ಚುಗಾರನ ಕಣ್ಣು ತಪ್ಪಿಸಿ ಮುಖವೊಂದನ್ನು ಬಿಟ್ಟಿತು.

ಅಚ್ಚುಗಾರ ಕಾಗದ ಒತ್ತಿ, ಎತ್ತಿ ನೋಡುತ್ತಾನೆ: ಕುದುರೆ ಹಲ್ಲು ಕಿರಿಯುತ್ತಿದೆ, ಕತ್ತಿ ಝಳಪಿಸುತ್ತಿದೆ, ಕಿರೀಟದ ಕೆಳಗೆ ಮಾತ್ರ ಮುಖವೇ ಇಲ್ಲ!

"ಥೂ, ಈ ಹಲಗೆ ಒಲೆಗೇ ಸರಿ," ಎಂದು ಅವನು ಅಚ್ಚನ್ನೆತ್ತಿಕೊಂಡ.

ರಾಜನ ಕೆತ್ತಿದ ಮೀಸೆಯೂ ನಡುಗಿತು. ಅಚ್ಚು ಬಟ್ಟೆಯುಂಡೆಗೆ ಕೂಗಿ ಹೇಳಿತು: "ಅಮ್ಮಾ ತಾಯೀ, ನನ್ನ ಮಾನ ಉಳಿಸು! ಬೇಗ ಬಂದು ನನ್ನ ಮುಖಕ್ಕೆ ಮಸಿ ಬಳಿ!"