ನಕ್ಕರೆ ತೆರೆಯುವ ಬಾಗಿಲು

ಮದ್ದೂರಿನ ಹತ್ತಿರ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿ. ಅದರ ಮಾಲೀಕ ಚಂದ್ರಮೌಳಿ ಬಾಗಿಲಿಗೆ ಹೊಸ ಕ್ಯಾಮೆರಾ ಹಾಕಿಸಿದ. ಅದರ ಮುಂದೆ ನಿಂತು ನಕ್ಕರೆ ಮಾತ್ರ ಬಾಗಿಲು ತೆರೆಯುತ್ತಿತ್ತು.

"ನಗುವುದೂ ಒಂದು ಸದ್ಗುಣ. ದಿನಾ ರೂಢಿ ಮಾಡಿಕೊಂಡರೆ ಬಾಳು ತಾನಾಗಿ ಅರಳುತ್ತೆ," ಎಂದು ಕೆಲಸದ ಹೆಂಗಸರನ್ನೆಲ್ಲ ನಿಲ್ಲಿಸಿಕೊಂಡು ಭಾಷಣ ಮಾಡಿದ.

ಒಂದು ಬೆಳಿಗ್ಗೆ ಕಾಲರ್ ಹೊಲಿಯುವ ಭಾಗ್ಯಮ್ಮ ಆ ಬಾಗಿಲಲ್ಲೇ ನಿಂತುಬಿಟ್ಟಳು. ಮಗಳನ್ನು ಮಣ್ಣು ಮಾಡಿ ಆಗಷ್ಟೇ ಕೆಲಸಕ್ಕೆ ಮರಳಿದ್ದಳು. ತುಟಿ ಅಗಲಿಸಿದರೆ ಅಳು ಬರುತ್ತಿತ್ತು. ಜಪ್ಪಯ್ಯ ಅಂದರೂ ಬಾಗಿಲು ತೆರೆಯಲಿಲ್ಲ.

ಸಾಲಿನಲ್ಲಿ ಅವಳ ಹಿಂದೆ ನಿಂತಿದ್ದ ಸಾಕಮ್ಮ ಸುಮ್ಮನೆ ಕಾವಲುಗಾರನ ಕೋಣೆಗೆ ಹೋಗಿ, ಗೋಡೆಯ ಮೇಲಿದ್ದ ಕಂಪನಿಯ ಕ್ಯಾಲೆಂಡರ್ ತಂದು ಕ್ಯಾಮೆರಾಕ್ಕೆ ಹಿಡಿದಳು. ಅದರಲ್ಲಿ ಚಂದ್ರಮೌಳಿ ಹಲ್ಲು ಬಿಟ್ಟು ನಗುತ್ತಿದ್ದ. ಬಾಗಿಲು ತೆರೆಯಿತು. ಅಂದಿನಿಂದ ಹೆಂಗಸರೆಲ್ಲ ಹಾಗೆಯೇ ಒಳಗೆ ಹೋಗತೊಡಗಿದರು.

ಸುದ್ದಿ ಮುಟ್ಟಿದಾಗ ಚಂದ್ರಮೌಳಿ ಕೆಂಡಾಮಂಡಲವಾಗಿ ಬಾಗಿಲಿಗೇ ಬಂದ.

"ನನ್ನ ಮುಖ ತೋರಿಸಿ ಒಳಗೆ ಹೋಗೋಕೆ ಎಷ್ಟು ಧೈರ್ಯ ನಿಂಗೆ?"

"ಎಲ್ಲಾ ಕಡೆ ಹುಡುಕಿದ್ವಿ ಸಾರ್," ಅಂದಳು ಸಾಕಮ್ಮ. "ಇಷ್ಟು ದೊಡ್ಡ ಫ್ಯಾಕ್ಟ್ರೀಲಿ ಬಾಳು ಅರಳಿರೋ ಮುಖ ಇದೊಂದೇ ಸಿಕ್ಕಿದ್ದು."

ಸಾಲಿನಲ್ಲಿದ್ದ ಯಾರೂ ನಗಲಿಲ್ಲ. ಚಂದ್ರಮೌಳಿಗೆ ಅದೇ ಹೆಚ್ಚು ಚುಚ್ಚಿತು. ಕ್ಯಾಲೆಂಡರ್ ಕಿತ್ತುಕೊಂಡು ಹಿಂದಿರುಗಿದ.

ಸಂಜೆಯೊಳಗೆ ಕ್ಯಾಮೆರಾ ಕಿತ್ತು ಹಾಕಿಸಿದ. ಸಾಕಮ್ಮನನ್ನೂ ಕೆಲಸದಿಂದ ತೆಗೆದ.

ಮಾರನೆಯ ಬೆಳಿಗ್ಗೆ ಭಾಗ್ಯಮ್ಮ ಅಳುತ್ತಲೇ ಬಾಗಿಲು ದಾಟಿ, ಅಳುತ್ತಲೇ ಕಾಲರ್ ಹೊಲಿಯಲು ಕೂತಳು.