ಹಳಿಯ ಕೆಳಗಿನ ಕಲ್ಲು

ಅಡವೆಪ್ಪಜ್ಜನವರ ಆಶ್ರಮದ ಹಿತ್ತಲಿಗೇ ರೈಲು ಹಳಿ. ಅಲ್ಲಿಯದು ಎರೆನೆಲ. ಗಾಡಿ ಬಂದರೆ ನೆಲ ನಡುಗುತ್ತಿತ್ತು. ಧ್ಯಾನದ ಕೋಣೆಯಲ್ಲಿ ಕಂಠಮಟ ತುಂಬಿಟ್ಟ ದೀಪದಿಂದ ಎಣ್ಣೆ ತುಳುಕುತ್ತಿತ್ತು.

ಶಿಷ್ಯ ಸೋಮಲಿಂಗನಿಗೆ ಮೈಯೆಲ್ಲ ಉರಿ. ಮನೆಮಾರು ಬಿಟ್ಟು ಬಂದದ್ದು ಈ ಕಬ್ಬಿಣದ ಗದ್ದಲ ಕೇಳುವುದಕ್ಕೇ?

ಒಂದು ದಿನ ಬುಟ್ಟಿಗಟ್ಟಲೆ ಜಲ್ಲಿಕಲ್ಲು ಹೊತ್ತು ತಂದು, ಕೋಣೆಯ ನೆಲಕ್ಕೆ ಹಾಸಿ, ಬಡಿದು ಗಟ್ಟಿ ಮಾಡಿದ. ಮೇಲೆ ಚಾಪೆ ಹಾಸಿದ.

"ಇನ್ನ ನಡಗಲಿ, ನೋಡೂಣು," ಎಂದು ಕುಳಿತ.

ಮರುದಿನ ಬೆಳಿಗ್ಗೆ ಗೂಡ್ಸ್ ಗಾಡಿ ಹೋಯಿತು. ಈ ಸಲ ದೀಪವೇ ಉರುಳಿಬಿತ್ತು.

ಸೋಮಲಿಂಗ ಧುಮುಗುಡುತ್ತ ಅಜ್ಜನವರನ್ನು ಕರೆತಂದ. "ಇದು ಅನ್ಯಾಯರೀ ಅಜ್ಜಾರ. ನೆಲಾ ಗಟ್ಟಿ ಮಾಡಿದಮ್ಯಾಲೆ ಇನ್ನೂ ಜಾಸ್ತಿ ನಡಗಾಕತ್ತೈತಿ."

ಅಜ್ಜ ಚಾಪೆ ಸರಿಸಿ ಒಂದು ಕಲ್ಲು ಕೈಗೆತ್ತಿಕೊಂಡರು. "ಇದನ್ನ ಎಲ್ಲಿಂದ ತಂದಿ?"

"ಹಳಿ ಕೆಳಗಿಂದರೀ. ಸುಮ್ನ ಬಿದ್ದಿದ್ವು."

ಎಂದೂ ದನಿಯೇರಿಸದ ಅಜ್ಜನವರ ಮುಖ ಕೆಂಪಾಯಿತು. "ಗೇಟಿಗೆ ಓಡು. ಮಾಡಿದ್ದನ್ನ ಹೇಳು. ಮುಂದಿನ ಗಾಡಿ ನಿಲ್ಲಸ್ಲಿ."

ಗೇಟು ಕಾಯುವ ದಾವಲಸಾಬ ಬೈದ ಬೈಗುಳ ಇಲ್ಲಿ ಬರೆಯುವಂಥದಲ್ಲ. ಬೈಯುತ್ತಲೇ ಫೋನು ಮಾಡಿದ, ಬೈಯುತ್ತಲೇ ಕೆಂಪು ಬಾವುಟ ಹಿಡಿದು ಓಡಿದ. ಪ್ಯಾಸೆಂಜರ್ ಗಾಡಿ ದೂರದಲ್ಲೇ ನಿಂತಿತು.

ಅಷ್ಟರಲ್ಲಿ ಅಜ್ಜ ಕಲ್ಲಿನ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ಗುರು ಶಿಷ್ಯರಿಬ್ಬರೂ ಹೊತ್ತು ಹಾಕಿದರು. ರೈಲ್ವೆ ಗ್ಯಾಂಗಿನವರು ಕಲ್ಲು ತುಂಬಿ, ಬಡಿದು, ಸೈ ಎಂದಮೇಲೆ ಗಾಡಿ ಮೆಲ್ಲಗೆ ದಾಟಿತು. ಒಂದು ಕಿಟಕಿಯಲ್ಲಿ ತಾಯಿಯ ಮಡಿಲ ಕೂಸು ನಿದ್ದೆಹೋಗಿತ್ತು.

"ನೋಡಿದಿ?" ಅಂದರು ಅಜ್ಜ. "ಗಾಡಿ ಭಾರ ಹಳಿ ಹೊರತೈತಿ, ಹಳಿ ಭಾರ ಈ ಕಲ್ಲು ಹೊರತಾವು. ಅಲುಗಾಡಿ ಅಲುಗಾಡಿ ನಡುಕಾ ತಾವ ನುಂಗಿ, ಉಳದಷ್ಟು ನೆಲಕ್ಕ ಕೊಡತಾವು. ಅದಕ್ಕ ಆ ಕೂಸು ಮಲಗೇತಿ. ನಿನ್ನ ಧ್ಯಾನಕ್ಕ ಅದರ ಹಾಸಿಗಿ ಕಿತ್ಕೊಂಡು ಬಂದಿ. ನಾಚಿಕಿ ಬರಲಿಲ್ಲ ನಿನಗ?"

ಸೋಮಲಿಂಗ ತಲೆ ತಗ್ಗಿಸಿದ. ಒಳಗಿನ ಸಿಟ್ಟು ಮಾತ್ರ ಇನ್ನೂ ಇಳಿದಿರಲಿಲ್ಲ.

"ತಪ್ಪಾತರೀ. ಆದ್ರ ನಾಳೆ ಮತ್ತ ಎಣ್ಣಿ ಚೆಲ್ಲತೈತಲ್ರೀ. ತುಂಬಿದ ಕೊಡ ತುಳುಕೂದಿಲ್ಲಂತ ಕಂಠಮಟ ಹಾಕಿರತೀನಿ, ಆದ್ರೂ ಚೆಲ್ಲತೈತಿ."

ಅಜ್ಜ ಖಾಲಿ ಬುಟ್ಟಿಯನ್ನು ಅವನ ಕೈಗೆ ಕೊಟ್ಟರು.

"ಆ ಗಾದಿಮಾತು ಹುಟ್ಟಿದ ಊರಿಗೆ ರೈಲು ಬಂದಿರಲಿಲ್ಲ. ಎಣ್ಣಿ ಕಡಿಮಿ ಹಾಕು."